ಖಾಯಂ ಪಂಚ ಉಜ್ಜನಪ್ಪನವರು

ಭದ್ರಾವತಿಯ ಹುಲ್ಲುಮಂಡಿ ಬೀದಿಯಲ್ಲಿ, ಪೊಲೀಸ್ ಔಟ್‌ಪೋಸ್ಟಿಗೆ ಸರಿಯಾಗಿ ಎದುರಿಗೆ ಪಾತ್ರೆ ಅಂಗಡಿ ಇಟ್ಟಿದ್ದನ್ನು ಉಜ್ಜನಪ್ಪನವರು ತಮ್ಮ ಪುಣ್ಯವೆಂದೇ ತಿಳಿದಿದ್ದರು. ಕಳುವಿನ ಮಾಲು ಸಿಕ್ಕಿತೆಂದು ಪೊಲೀಸರು ಮಹಜರು ಬರೆಯಬೇಕಾದರೆ ಇಬ್ಬರು ಗೌರವಸ್ಥರು ಜೊತೆಗೆ ಹೋಗಿ, ಕಣ್ಣಾರೆ ಕಂಡು, ಕೆಳಗೆ ರುಜು ಹಾಕಬೇಕು ಅಂತ ಕಾನೂನು. ಆ ಇಬ್ಬರಿಗೆ ಪಂಚರು ಅಂತ ಹೆಸರು. ಕಾನೂನು ಮಾಡಿದ ಮಹಾನುಭಾವರು ಹುಲ್ಲುಮಂಡಿ ಬೀದಿಯನ್ನು ನೋಡಿದವರಲ್ಲ. ವ್ಯಾಪಾರದ ಹೊತ್ತಿನಲ್ಲಿ ಅಂಗಡಿ ಬಿಟ್ಟು, ಬಿಸಿಲಲ್ಲಿ ನಡೆದು, ಯಾವನೋ ಕಳ್ಳನ ಗುಡಿಸಲ ಮುಂದೆ ನಿಲ್ಲುವುದಕ್ಕೆ ಯಾವ ಗೌರವಸ್ಥನಿಗೆ ಪುರುಸೊತ್ತಿದೆ? ಆದ್ದರಿಂದ ಅಲ್ಲಿ ಮಹಜರೇ ಗೌರವಸ್ಥರನ್ನು ಹುಡುಕಿಕೊಂಡು ಬರುತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಜಯಪ್ಪ ರಸ್ತೆ ದಾಟಿ ಬಂದು "ಸಾವ್ಕಾರ್ರೆ, ಒಂದ್ ರುಜು" ಅನ್ನುತ್ತಿದ್ದ. ಉಜ್ಜನಪ್ಪನವರು ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಹಾಳೆಯ ಕೊನೆಯಲ್ಲಿ 'ಕೆ. ಉಜ್ಜನಪ್ಪ, ಪಾತ್ರೆ ವ್ಯಾಪಾರಿ' ಅಂತ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಕನ್ನಡಕ ಏರಿಸುತ್ತಿದ್ದುದು ಅಕ್ಷರ ದುಂಡಗೆ ಬರಲಿ ಅಂತ, ಓದುವುದಕ್ಕಲ್ಲ. ಎದುರಿಗೆ ನಿಂತವರು ಕೊಟ್ಟ ಕಾಗದವನ್ನು ಓದಿ ನೋಡಿ ರುಜು ಹಾಕುವುದೆಂದರೆ ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ಅಷ್ಟು ಮರ್ಯಾದೆ ಬಿಟ್ಟವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಎರಡನೇ ರುಜು ಪಕ್ಕದ ಜವಳಿ ಅಂಗಡಿ ಏಕಾಂತಪ್ಪನದು. ಅವನಂತೂ ಗಿರಾಕಿಗೆ ಬಟ್ಟೆ ಅಳೆಯುತ್ತಲೇ ಇನ್ನೊಂದು ಕೈಯಲ್ಲಿ ಗೀಚಿ ಕೊಡುತ್ತಿದ್ದ.

ಆರು ತಿಂಗಳಿಗೋ ವರ್ಷಕ್ಕೋ ಶಿವಮೊಗ್ಗದ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸು ಬರುತ್ತಿತ್ತು. ಅದು ಉಜ್ಜನಪ್ಪನವರಿಗೆ ಹಬ್ಬ. ಕರಿ ಕೋಟು, ಜರಿ ಅಂಚಿನ ರುಮಾಲು, ಹಣೆ ತುಂಬ ವಿಭೂತಿ. ಕೋರ್ಟಿನ ಜವಾನ ಇವರಿಗೆ ಮಾತ್ರ ಬೆಂಚಿನ ಧೂಳು ಹೊಡೆದು ಕೂರಿಸುತ್ತಿದ್ದ. ಕಟಕಟೆ ಹತ್ತಿ, ಪ್ರಮಾಣ ಮಾಡಿ, "ಹೌದು ಸ್ವಾಮಿ, ನನ್ನ ಸಮಕ್ಷಮದಲ್ಲೇ ತೆಗೆದುಕೊಟ್ಟ. ಈ ರುಜು ನಂದೇ" ಅನ್ನುವುದು. ಐದು ನಿಮಿಷದ ಕೆಲಸ. ಅದನ್ನು ಸುಳ್ಳು ಅಂತ ಅವರು ಒಂದು ದಿನವೂ ಅಂದುಕೊಂಡಿರಲಿಲ್ಲ. ರುಜು ಅವರದೇ ತಾನೇ? ಕಳ್ಳ ಹೇಗಿದ್ದರೂ ಕಳ್ಳನೇ ತಾನೇ? ಪೊಲೀಸರಿಗೇನು ಹುಚ್ಚೇ, ಸುಮ್ಮಸುಮ್ಮನೆ ಹಿಡಿಯುವುದಕ್ಕೆ? ಹೀಗೆ ಹದಿನೇಳು ಸಲ ಆಗಿತ್ತು.

ಐವತ್ತೆಂಟನೇ ಇಸವಿಯಲ್ಲಿ ಮಗಳು ಬಸವರಾಜೇಶ್ವರಿಗೆ ಗಂಡು ಗೊತ್ತಾಯಿತು. ಶುಕ್ರವಾರ ಆಯನೂರಿನಿಂದ ಬೀಗರು ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಮನೆಗೆ ಸುಣ್ಣ ಹೊಡೆಯಲು ಸೋಮವಾರವೇ ಪುಟ್ಟಯ್ಯನನ್ನು ಕರೆಸಿದರು. ಪುಟ್ಟಯ್ಯ ಮಾತು ಕಡಿಮೆ, ಕೈ ಶುದ್ಧ. ಆದರೂ ಉಜ್ಜನಪ್ಪನವರಿಗೆ ಯಾರ ಕೈ ಮೇಲೂ ಪೂರ್ತಿ ನಂಬಿಕೆ ಇಲ್ಲ. ಹೊಸದಾಗಿ ಬಣ್ಣ ಹಚ್ಚಿಸಿದ ಬಾಗಿಲುವಾಡಕ್ಕೆ ಸುಣ್ಣ ಸಿಡಿದೀತು ಅಂತ ಮಂಗಳವಾರ ಅಂಗಡಿಗೆ ಬೀಗ ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೂ ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಮೂಲೆ ಬಿಟ್ಟೆಯಲ್ಲೋ! ನೀಲಿ ಜಾಸ್ತಿ ಆಯ್ತಲ್ಲೋ!" ಅಂತ ಅವರು ಕೂಗುವುದು, ಅವನು "ಆಯ್ತು ಸಾವ್ಕಾರ್ರೆ" ಅನ್ನುವುದು, ದಿನವಿಡೀ ಇದೇ ನಡೆಯಿತು. ಹತ್ತು ಗಂಟೆಗೆ ಹೆಂಡತಿ ಮಹಾಂತಮ್ಮ ಹಿತ್ತಲಲ್ಲಿ ಎಲೆ ಹಾಕಿ ಅವನಿಗೆ ಉಪ್ಪಿಟ್ಟು ಬಡಿಸಿದಳು. ಎರಡು ಸಲ ಬಡಿಸಿದ್ದಕ್ಕೆ ಉಜ್ಜನಪ್ಪನವರು ಸಿಡುಕಿದರು.

ಬುಧವಾರ ಸಂಜೆ ಮನೆಗೆ ಹೋದ ಪುಟ್ಟಯ್ಯ ಗುರುವಾರ ಬರಲಿಲ್ಲ. ಹಿಂದಿನ ಗೋಡೆ ಅರ್ಧ ಬಾಕಿ. ಉಜ್ಜನಪ್ಪನವರಿಗೆ ಪಿತ್ತ ನೆತ್ತಿಗೇರಿತು. ಅಂಗಡಿಯಲ್ಲಿ ಕೂತು ಹಾಳು ಸುಣ್ಣದವರ ಜಾತಕವನ್ನೆಲ್ಲ ಜಾಲಾಡುತ್ತಿದ್ದಾಗ ಜಯಪ್ಪ ರಸ್ತೆ ದಾಟಿ ಬಂದ.

"ಸಾವ್ಕಾರ್ರೆ, ಒಂದ್ ರುಜು."

"ಕೊಡಪ್ಪ, ನಿಂದೊಂದು." ಬರೆಯುತ್ತಲೇ ಹೇಳಿದರು: "ಅಲ್ಲ ಜಯಪ್ಪ, ಆ ಸುಣ್ಣ ಹೊಡಿಯೋ ಪುಟ್ಟಯ್ಯ ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಕಿವಿ ಹಿಡ್ಕೊಂಡು ನನ್ ಹತ್ರ ಕಳಿಸು ಮಾರಾಯ. ನಾಳೆ ಬೀಗರು ಬರ್ತಾರೆ, ಗೋಡೆ ಅರ್ಧ ಬಿಟ್ಟು ಹೋಗಿದಾನೆ."

ಜಯಪ್ಪ ಕಾಗದವನ್ನು ಊದಿ ಶಾಯಿ ಒಣಗಿಸುತ್ತ, "ಸಿಕ್ರೆ ಹೇಳ್ತೀನಿ ಬಿಡಿ" ಅಂದು ಹೋದ. ಹಾಗೆ ಅನ್ನುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಎಂಥಾ ಮನುಷ್ಯ ನೋಡಿ!

ಹತ್ತು ದಿನ ಕಳೆದ ಮೇಲೆ ಪುಟ್ಟಯ್ಯನ ಹೆಂಡತಿ ಕರಿಬಸಮ್ಮ ಮನೆ ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ಗಂಟಲು ಕೂತುಹೋಗಿತ್ತು. ಎಂಜಿನಿಯರೊಬ್ಬರ ಬಂಗಲೆಯಿಂದ ತಿಂಗಳ ಹಿಂದೆ ಎರಡು ತಾಮ್ರದ ಹಂಡೆ ಕಳುವಾಗಿದ್ದವಂತೆ. ಆ ಬಂಗಲೆಗೆ ಹಿಂದೊಮ್ಮೆ ಸುಣ್ಣ ಹೊಡೆದವನು ಪುಟ್ಟಯ್ಯ. ಅಷ್ಟೇ ಸಾಕಾಯಿತು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನೇ ಪೊಲೀಸರನ್ನು ಕರೆದುಕೊಂಡು ಹೋಗಿ, ಗುಡಿಸಲ ಹಿಂದಿನ ಸೌದೆ ರಾಶಿಯಿಂದ ಹಂಡೆ ತೆಗೆದುಕೊಟ್ಟ ಅಂತ ಕೇಸು.

"ಅವತ್ತು ಪೊಲೀಸ್ನೋರು ಯಾರೂ ನಮ್ಮನೆ ಕಡೆ ತಲೆ ಹಾಕಿಲ್ಲ ಸಾವ್ಕಾರ್ರೆ. ಹಂಡೆ ನಾನು ಕಣ್ಣಲ್ಲೂ ಕಂಡಿಲ್ಲ. ಮಂಗ್ಳಾರ ಅವ್ರು ಇಲ್ಲೇ ಇದ್ರಲ್ಲ, ನಿಮ್ಮ ಕಣ್ಣೆದುರಿಗೆ! ಹೋದ್ ವರ್ಷ ನಂದೊಂದು ಹಿತ್ತಾಳೆ ಬಿಂದಿಗೆ ಕಳುವಾಯ್ತು. ದೂರು ಬರ್ಕಳ್ಳಿ ಅಂತ ಪೊಲೀಸ್ನೋರ ಹತ್ರ ಹೋದ್ರೆ, ಬಿಂದಿಗೆ ಕಳೆದಿದ್ದೆಲ್ಲ ಕೇಸಲ್ಲ, ಸರಿಯಾಗಿ ಹುಡುಕ್ಕೋ ಹೋಗು ಅಂದಿದ್ರು. ಈಗ ನಮ್ಮನ್ನೇ ಕಳ್ಳರು ಅಂತಾರೆ. ವಕೀಲ್ರು ಹೇಳಿದಾರೆ, ನೀವೊಬ್ರು ಬಂದು ಒಂದು ಮಾತು ಹೇಳಿದ್ರೆ ಬಿಟ್ಬಿಡ್ತಾರಂತೆ."

ಉಜ್ಜನಪ್ಪನವರಿಗೆ ನಿಜಕ್ಕೂ ಸಿಟ್ಟು ಬಂತು. ಎದೆ ಮೇಲೆ ಕೈಯಿಟ್ಟು ಹೇಳಿದರು: "ಅಳಬೇಡ ಹೋಗು. ಈ ಉಜ್ಜನಪ್ಪ ಬಂದು ಹೇಳ್ತಾನೆ. ನನ್ ಮಾತಿಗೆ ಶಿವಮೊಗ್ಗದ ಕೋರ್ಟಲ್ಲಿ ಬೆಲೆ ಇದೆ." ಕರಿಬಸಮ್ಮ ಹೊಸ್ತಿಲಿಗೆ ಹಣೆ ಹಚ್ಚಿ ಎದ್ದುಹೋದಳು.

ಎಂಟು ದಿನಕ್ಕೆ ಸಮನ್ಸು ಬಂತು. ಆರೋಪಿ ಪುಟ್ಟಯ್ಯ. ಇವರು ಒಂದನೇ ಪಂಚ.

ಮೊದಲ ಸಲ ಅವರು ಕಾಗದವೊಂದನ್ನು ಪೂರ್ತಿ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಚಪ್ಪಲಿ ಮೆಟ್ಟುವುದನ್ನೂ ಮರೆತು ರಸ್ತೆ ದಾಟಿ ಔಟ್‌ಪೋಸ್ಟಿಗೆ ನುಗ್ಗಿದರು.

"ಏನಯ್ಯಾ ಇದು! ಮಂಗಳವಾರ ಅವನು ನಮ್ಮನೇಲಿದ್ದ! ನಾನೂ ಅಲ್ಲೇ ಇದ್ದೆ!"

ಜಯಪ್ಪ ಎದ್ದು ನಿಂತು ಸ್ಟೂಲು ಕೊಟ್ಟ. "ಕೂತ್ಕೊಳ್ಳಿ ಸಾವ್ಕಾರ್ರೆ. ಮಂಗಳವಾರ ಬದ್ಲು ಸೋಮವಾರ ಅಂತ ಬರೆದಿದ್ರೆ ಆಗ್ತಿತ್ತು. ಕೈ ತಪ್ಪಾಯ್ತು. ಈಗ ತಿದ್ದಕ್ಕಾಗಲ್ಲ."

"ಸೋಮವಾರಾನೂ ನಮ್ಮನೇಲೇ ಇದ್ನಲ್ಲಯ್ಯ! ಹಂಡೆ ಎಲ್ಲಿ ಸಿಕ್ತು ನಿಂಗೆ?"

"ಗುಜರಿ ಅಂಗಡೀಲಿ. ಆ ಗುಜರಿಯವ್ನು ದೊಡ್ಡವರ ಪೈಕಿ, ಹೆಸರು ಬೇಡ ಬಿಡಿ. ಎಂಜಿನಿಯರ್ ಸಾಹೇಬ್ರು ದಿನಾ ಫೋನ್ ಮಾಡ್ತಾರೆ, ಮೇಲಿನೋರು ನನ್ನ ತಿಂದು ಹಾಕ್ತಾರೆ. ಯಾರಾದ್ರೂ ಒಬ್ಬ ಬೇಕಲ್ಲ? ಪುಟ್ಟಯ್ಯ ಆ ಮನೆ ಒಳಗೆ ಹೊರಗೆ ಕಂಡವನು. ಕದ್ದಿರಲೂಬಹುದು. ಕದ್ದಿಲ್ಲ ಅಂತ ನೀವು ಕಂಡಿದೀರಾ?"

"ಕದ್ದಿದಾನೆ ಅಂತ ನೀನು ಕಂಡಿದೀಯಾ?"

"ನಾನು ಕಂಡಿಲ್ಲ. ಕಂಡವರು ನೀವು. ರುಜು ಇದೆಯಲ್ಲ." ಜಯಪ್ಪ ಸ್ವರ ತಗ್ಗಿಸಿದ. ಬೆದರಿಸುವ ಧಾಟಿಯೇ ಇರಲಿಲ್ಲ. ಮನೆಯವನೇ ಹಿತ ಹೇಳಿದ ಹಾಗಿತ್ತು. "ನೋಡಿ ಸಾವ್ಕಾರ್ರೆ, ನಾನು ಹೋಗಿರಲಿಲ್ಲ ಅಂತ ಕೋರ್ಟಲ್ಲಿ ನೀವು ಅಂದ್ರೆ, ಹಿಂದಿನ ಹದಿನೇಳಕ್ಕೆ ಹೋಗಿದ್ರಾ ಅಂತ ಕೇಳ್ತಾರೆ. ಪ್ರಮಾಣ ಮಾಡಿ ಹೇಳಿದೀರಿ. ಸುಳ್ಳುಸಾಕ್ಷಿಗೆ ಏಳು ವರ್ಷದವರೆಗೂ ಇದೆ. ಮಗಳ ಮದುವೆ ಬೇರೆ ಹತ್ರ ಬಂತು. ಎಂದಿನ ಹಾಗೆ ಹೌದು ಅಂದು ಬಂದ್ಬಿಡಿ."

ಆ ದಿನದಿಂದ ಉಜ್ಜನಪ್ಪನವರಿಗೆ ಅನ್ನ ಸೇರಲಿಲ್ಲ. ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ಮರ್ಯಾದೆ ಹೋಗುತ್ತದೆ, ಬಿಸಿ ತುಪ್ಪದ ಪಾಡು. ಕೊನೆಗೆ ಮಹಾಂತಮ್ಮನಿಗೆ ಹೇಳಿಕೊಂಡರು. ಮೂವತ್ತು ವರ್ಷ ಸಂಸಾರ ಮಾಡಿದ ಆ ಹೆಂಗಸು ಗಂಡನ ಮುಖವನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು.

"ಹದಿನೇಳು ಸಲಾನೂ ಹೋಗಿರಲಿಲ್ವಾ? ಕೋಟು ಹಾಕ್ಕೊಂಡು, ವಿಭೂತಿ ಹಚ್ಕೊಂಡು ಹೋಗಿ ಇದನ್ನಾ ಹೇಳಿ ಬರ್ತಿದ್ರಿ?"

"ಎಲ್ಲರೂ ಹಾಗೇ ಮಾರಾಯ್ತಿ. ಏಕಾಂತಪ್ಪನೂ ಹಾಗೇ."

"ಏಕಾಂತಪ್ಪನ ಮನೇಲಿ ಅವನು ಉಪ್ಪಿಟ್ಟು ತಿಂದಿಲ್ಲ. ನಾನು ಬಡಿಸಿದೀನಿ. ನಾನೇ ಬಂದು ಹೇಳ್ತೀನಿ ಬೇಕಾದ್ರೆ."

"ನಮ್ಮನೆ ಹೆಂಗಸರು ಕೋರ್ಟಿನ ಮೆಟ್ಟಿಲು ಹತ್ತೋದಾ? ಬೀಗರಿಗೆ ಗೊತ್ತಾದ್ರೆ ಏನಂದಾರು? ಸುಮ್ನಿರು!"

ಅವಳು ಎದ್ದು ಒಲೆಯ ಕಡೆ ಹೋದಳು. ಅವಳನ್ನು ಹೋಗಲು ಬಿಟ್ಟಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ಕಟಕಟೆಯಲ್ಲಿ ಅವಳನ್ನು ಹಿಂದಿನ ಯಾವ ಲೆಕ್ಕವೂ ಹಿಡಿಯುತ್ತಿರಲಿಲ್ಲ. ಆದರೆ ಮರ್ಯಾದಸ್ಥರ ಮನೆಯ ಸತ್ಯ ಹೊಸ್ತಿಲು ದಾಟಬಾರದು, ಸುಳ್ಳು ಬೇಕಾದರೆ ಜರಿ ರುಮಾಲು ಸುತ್ತಿಕೊಂಡು ಶಿವಮೊಗ್ಗಕ್ಕೆ ಹೋಗಿ ಬರಬಹುದು.

ವಿಚಾರಣೆಯ ದಿನ ಉಜ್ಜನಪ್ಪನವರು ಬೆಳಗಿನ ಬಸ್ಸಿನಲ್ಲಿ ಹೊರಟರು. ಬಸ್ಸು ಶಿವಮೊಗ್ಗ ಮುಟ್ಟುವ ಹೊತ್ತಿಗೆ ಅವರು ನಿರ್ಧಾರ ಮಾಡಿಯಾಗಿತ್ತು. ಸತ್ಯವನ್ನೇ ಹೇಳುವುದು. ಹಾಗೆ ನಿಶ್ಚಯಿಸಿದ ಮೇಲೆ ಮನಸ್ಸು ಹಗುರಾಯಿತು, ತಮ್ಮ ಬಗ್ಗೆ ತಮಗೇ ತುಸು ಹೆಮ್ಮೆಯೂ ಆಯಿತು.

ಕೋರ್ಟಿನಲ್ಲಿ ಏಕಾಂತಪ್ಪ ಮೊದಲು ಹತ್ತಿ, ಎರಡು ನಿಮಿಷದಲ್ಲಿ 'ಹೌದು' ಅಂದು ಇಳಿದ. ಆಮೇಲೆ ಉಜ್ಜನಪ್ಪನವರು. ಎದುರಿನ ಕಟಕಟೆಯಲ್ಲಿ ಪುಟ್ಟಯ್ಯ ನಿಂತಿದ್ದ, ಎರಡು ತಿಂಗಳಲ್ಲಿ ಎರಡು ವರ್ಷ ಸವೆದವನ ಹಾಗೆ. ಇವರನ್ನು ಕಂಡು ಕೈ ಮುಗಿದ.

ಪ್ರಾಸಿಕ್ಯೂಟಿಂಗ್ ಇನ್ಸ್‌ಪೆಕ್ಟರು ಮಹಜರು ತೋರಿಸಿದರು. "ಈ ರುಜು ನಿಮ್ಮದೇ?"

"ನಂದೇ ಸ್ವಾಮಿ."

"ಆರೋಪಿ ನಿಮ್ಮ ಸಮಕ್ಷಮದಲ್ಲಿ ಹಂಡೆ ತೆಗೆದುಕೊಟ್ಟನೇ?"

"ಇಲ್ಲ ಸ್ವಾಮಿ. ನಾನು ಅಲ್ಲಿಗೆ ಹೋಗೇ ಇಲ್ಲ. ಅಂಗಡೀಲಿ ಕೂತು ರುಜು ಹಾಕಿದೆ. ಆ ದಿನ ಇವನು ನಮ್ಮನೇಲಿ ಸುಣ್ಣ ಹೊಡೀತಿದ್ದ. ನಾನೇ ಎದುರಿಗೆ ಕೂತಿದ್ದೆ."

ಪುಟ್ಟಯ್ಯನ ವಕೀಲ ವೆಂಕಟಾಚಲ ಕಣ್ಣರಳಿಸಿದ. ಎಳೆಯ ವಕೀಲ, ಇಂಥದ್ದು ಅವನ ವೃತ್ತಿಯಲ್ಲೇ ಮೊದಲು. ಬಾಗಿಲ ಬಳಿ ನಿಂತಿದ್ದ ಜಯಪ್ಪ ಮಾತ್ರ ತಲೆಯೆತ್ತಿ ಸೂರಿನ ಜಂತೆ ನೋಡುತ್ತಿದ್ದ. ಉಜ್ಜನಪ್ಪನವರಿಗೆ ಎದೆಯ ಭಾರವೆಲ್ಲ ಇಳಿದಂತಾಯಿತು. ಇಷ್ಟು ಸುಲಭವೇ, ಅನ್ನಿಸಿತು.

ಸುಲಭವಾಗಿರಲಿಲ್ಲ. ಇನ್ಸ್‌ಪೆಕ್ಟರು ಸಾಕ್ಷಿ ತಿರುಗಿಬಿದ್ದಿದ್ದಾರೆಂದು ಹೇಳಿ, ಪಾಟೀಸವಾಲಿಗೆ ಅಪ್ಪಣೆ ಪಡೆದು, ಹಳೆಯ ಕಾಗದಗಳ ಕಟ್ಟೊಂದನ್ನು ಬಿಚ್ಚಿದರು.

"ಉಜ್ಜನಪ್ಪನವರೇ, ಹೋದ ವರ್ಷ ಸೈಕಲ್ ಕಳುವಿನ ಕೇಸಿನಲ್ಲಿ ಸಾಕ್ಷಿ ಹೇಳಿದ್ದೀರಿ. ಆಗ ಸ್ಥಳಕ್ಕೆ ಹೋಗಿದ್ದಿರೋ, ಅಂಗಡಿಯಲ್ಲಿ ಕೂತು ರುಜು ಹಾಕಿದ್ದಿರೋ?"

ಈ ಪ್ರಶ್ನೆ ಬರುತ್ತದೆಂದು ಅವರಿಗೆ ಗೊತ್ತೇ ಇತ್ತು. ಮೇಲೆ ಕುಳಿತ ಮ್ಯಾಜಿಸ್ಟ್ರೇಟರ ಲೇಖನಿ ಕಾಗದದ ಮೇಲೆ ನಿಂತಿತ್ತು. 'ಹೋಗಿರಲಿಲ್ಲ' ಅಂದರೆ ಸಾಕು, ಪುಟ್ಟಯ್ಯ ಬದುಕುತ್ತಾನೆ. 'ಹೋಗಿರಲಿಲ್ಲ' ಅಂದರೆ ಏಳು ವರ್ಷ. ಹಸೆಮಣೆ ಏರಬೇಕಾದ ಮಗಳು, ಆಯನೂರಿನ ಬೀಗರು, ಕೋಟು, ರುಮಾಲು, ಬೆಂಚಿನ ಧೂಳು ಹೊಡೆಯುವ ಜವಾನ.

"ಹೋಗಿದ್ದೆ ಸ್ವಾಮಿ."

"ಅದರ ಹಿಂದಿನದು, ಮಾಂಗಲ್ಯದ ಸರದ ಕೇಸು. ಒಲೆ ಅಗೆದು ತೆಗೆದದ್ದನ್ನು ಕಂಡಿರಾ?"

"ಕಂಡೆ."

ಒಂದೊಂದೇ ಕಾಗದ ಎತ್ತಿ ಕೇಳಿದರು. ಒಂದೊಂದಕ್ಕೂ ಇವರು ಹೋಗಿದ್ದೆ, ಕಂಡೆ, ಹೌದು ಅಂದರು. ಮೂರನೆಯದಕ್ಕೇ ವೆಂಕಟಾಚಲ ತಲೆ ಮೇಲೆ ಕೈ ಇಟ್ಟುಕೊಂಡ. ಐದನೆಯದರ ಮೇಲೆ ಉಜ್ಜನಪ್ಪನವರ ದನಿ ಅವರಿಗೇ ಬೇರೆಯವರದೆಂಬಂತೆ ಕೇಳಿಸತೊಡಗಿತು. ನಿಲ್ಲಿಸಬೇಕು ಅಂದುಕೊಂಡರು, ನಿಲ್ಲಿಸಲಾಗಲಿಲ್ಲ. ಹೇಡಿಗೆ ಮೊದಲ ಸುಳ್ಳು ಕಷ್ಟ, ಮುಂದಿನವಕ್ಕೆಲ್ಲ ಬಾಯಿ ತಾನಾಗಿ ತೆರೆಯುತ್ತದೆ.

"ಅಂದರೆ ಹದಿನೇಳು ಕೇಸಿನಲ್ಲೂ ತಾವು ಸ್ಥಳಕ್ಕೆ ಹೋಗಿ, ಕಣ್ಣಾರೆ ಕಂಡು, ರುಜು ಮಾಡಿದವರು?"

"ಹೌದು."

"ಇದೊಂದಕ್ಕೆ ಮಾತ್ರ ಹೋಗಲಿಲ್ಲ?"

"ಹೋಗಲಿಲ್ಲ."

"ಆರೋಪಿ ತಮ್ಮ ಮನೆಯ ಕೆಲಸದವನಾದ ಇದೊಂದಕ್ಕೆ ಮಾತ್ರ?"

ಇನ್ಸ್‌ಪೆಕ್ಟರಿಗೆ ಉತ್ತರ ಬೇಕಾಗಿರಲಿಲ್ಲ. ಕಾಗದದ ಕಟ್ಟನ್ನು ಮತ್ತೆ ದಾರದಿಂದ ಬಿಗಿದು ಕೂತರು.

ಹದಿನೈದು ದಿನಕ್ಕೆ ತೀರ್ಪು. ಉಜ್ಜನಪ್ಪನವರು ಹೋಗಬಾರದು ಅಂದುಕೊಂಡೂ ಹೋದರು, ಹಿಂದಿನ ಗೋಡೆಗೆ ಒರಗಿ ನಿಂತರು. ಹದಿನೇಳು ಪ್ರಕರಣಗಳಲ್ಲಿ ನಿಷ್ಠೆಯಿಂದ ಸಾಕ್ಷಿ ನುಡಿದ ಗೌರವಸ್ಥ ವರ್ತಕರು, ಈ ಒಂದರಲ್ಲಿ ತಮ್ಮ ಕೆಲಸದವನ ಮೇಲಿನ ಕನಿಕರದಿಂದ ಸತ್ಯವನ್ನು ಮರೆಮಾಚಿದ್ದಾರೆ. ಎರಡನೇ ಪಂಚನ ಮಾತೂ ಮಹಜರೂ ತಾಳೆಯಾಗುತ್ತವೆ. ರುಜುವನ್ನು ಸಾಕ್ಷಿಯೇ ಒಪ್ಪಿದ್ದಾರೆ. ಬಾಯಿಮಾತಿಗಿಂತ ಬರಹ ಹೆಚ್ಚು. ಹೀಗೆ ಓದುತ್ತ ಹೋದರು ಮ್ಯಾಜಿಸ್ಟ್ರೇಟರು. ಉಜ್ಜನಪ್ಪನವರ ವಯಸ್ಸು, ಹಿಂದಿನ ಸೇವೆ ನೋಡಿ ಅವರ ಮೇಲೆ ಕ್ರಮ ಬೇಡ ಅಂದರು. ಪುಟ್ಟಯ್ಯನಿಗೆ ಒಂದೂವರೆ ವರ್ಷ ಕಠಿಣ ಸಜೆ. ಉಜ್ಜನಪ್ಪನವರು ಜೀವಮಾನದಲ್ಲಿ ಆ ಕೋರ್ಟಿನಲ್ಲಿ ಆಡಿದ ಒಂದೇ ಒಂದು ನಿಜವನ್ನು ಸರ್ಕಾರ ಹೀಗೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿತು.

ಹೊರಗೆ ಜಗಲಿಯ ತುದಿಯಲ್ಲಿ ಪುಟ್ಟಯ್ಯನ ಕೈಗೆ ಬೇಡಿ ಹಾಕಿ ನಿಲ್ಲಿಸಿದ್ದರು. ಕಾಗದ ಬರೆದು ಮುಗಿದ ಮೇಲೆ ಜೈಲಿಗೆ ನಡೆಸಿಕೊಂಡು ಹೋಗಬೇಕು. ಕರಿಬಸಮ್ಮ ಕಂಬಕ್ಕೆ ತಲೆ ಆನಿಸಿ ಕುಸಿದಿದ್ದಳು. ಉಜ್ಜನಪ್ಪನವರಿಗೆ ತಪ್ಪಿಸಿಕೊಂಡು ಹೋಗುವ ದಾರಿ ಇತ್ತು, ಆದರೂ ಕಾಲು ಅತ್ತಲೇ ಎಳೆಯಿತು. ಅವನು ಬೈದರೆ ಸಾಕಾಗಿತ್ತು, ಮುಖಕ್ಕೆ ಉಗಿದಿದ್ದರೂ ಸಮಾಧಾನವಾಗುತ್ತಿತ್ತು.

"ಪುಟ್ಟಯ್ಯ," ಅಂದರು, "ನಾನು ನಿಜಾನೇ ಹೇಳ್ದೆ ಕಣಪ್ಪ. ನೀನೇ ಕೇಳಿದೆಯಲ್ಲ. ಅಪೀಲು ಹಾಕಿಸ್ತೀನಿ. ಕರಿಬಸಮ್ಮನ್ನ ಮನೆ ಮಗಳ ಹಾಗೆ ನೋಡ್ಕೋತೀವಿ."

"ಕೇಳ್ದೆ ಸಾವ್ಕಾರ್ರೆ. ನೀವು ಹೇಳಿದ್ರಿ. ಇಲ್ಲ ಅನ್ನಲ್ಲ." ಪುಟ್ಟಯ್ಯನ ದನಿಯಲ್ಲಿ ಕೋಪವಿರಲಿಲ್ಲ. ತನಗೆ ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಧಾಟಿಯಲ್ಲೇ ಕೇಳಿದ: "ಅವ್ರು ಹದಿನೇಳು ಜನದ ವಿಷಯ ಓದಿದ್ರಲ್ಲ ಅವತ್ತು... ನಾನು ಒಳಗೆ ಕೂತು ಅದನ್ನೇ ಯೋಚ್ನೆ ಮಾಡ್ತಿದ್ದೆ. ಅವ್ರೂ ಆ ಹೊತ್ನಲ್ಲಿ ಯಾರದೋ ಮನೇಲಿ ಕೆಲ್ಸ ಮಾಡ್ತಿದ್ರೋ ಏನೋ, ಅಲ್ವಾ? ಅವ್ರಿಗೆ ಯಾರೂ ಬಂದು ಹೇಳ್ಲೇ ಇಲ್ವಾ ಸಾವ್ಕಾರ್ರೆ?"

ಕಾನ್‌ಸ್ಟೇಬಲ್ ಬಂದು "ನಡಿ" ಅಂದ. ಪುಟ್ಟಯ್ಯ ಉತ್ತರಕ್ಕೆ ಕಾಯಲಿಲ್ಲ, ಹೆಂಡತಿಯತ್ತ ಒಮ್ಮೆ ತಿರುಗಿ ನೋಡಿ ಮೆಟ್ಟಿಲಿಳಿದ.

ಉಜ್ಜನಪ್ಪನವರು ಅಲ್ಲೇ ನಿಂತರು. ಇಲ್ಲಪ್ಪ, ಇಂಥವನು ನಿಜವಾಗಿ ಕಳ್ಳನೇ, ಅವನ ವಿಷಯ ನನಗೆ ಚೆನ್ನಾಗಿ ಗೊತ್ತು ಅಂತ ಹಿಂದಿನಿಂದ ಕೂಗಿ ಹೇಳಬೇಕು ಅನ್ನಿಸಿತು. ಹದಿನೇಳರಲ್ಲಿ ಒಬ್ಬನಾದರೂ, ಒಬ್ಬನೇ ಒಬ್ಬನಾದರೂ ಸಾಕಿತ್ತು. ಒಬ್ಬನ ಹೆಸರಿಗಾಗಿ ತಲೆಯೆಲ್ಲ ತಡಕಾಡಿದರು. ಯಾರ ಹೆಸರೂ ಅವರಿಗೆ ಗೊತ್ತಿರಲಿಲ್ಲ.